ಹೆಪ್ಪಿಲ್ಲದ ಕಾಡು

ಒಂದು ಮರ ಕಡಿದರೆ ಒಂದು ಸಸಿ ನೆಡುತ್ತೇವಲ್ಲ, ಮತ್ತೆ ಕಾಡಿಗೆ ನಷ್ಟವೆಲ್ಲಿ ಬಂತು ಎಂದು ಕೇಳುವವರಿದ್ದಾರೆ. ಈ ಲೆಕ್ಕವನ್ನು ಸ್ವೀಡನ್ನಿನಷ್ಟು ಶಿಸ್ತಿನಿಂದ ಪಾಲಿಸಿದ ದೇಶಗಳು ಕಡಿಮೆ. ಕಡಿದಲ್ಲಿ ಮತ್ತೆ ಕಾಡು ಬೆಳೆಸಲೇಬೇಕೆಂಬ ಕಾನೂನು ಅಲ್ಲಿ 1903ರಲ್ಲೇ ಬಂತು. ನೂರು ವರ್ಷಗಳಲ್ಲಿ ಅಲ್ಲಿನ ಕಾಡುಗಳ ಮರದ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಆದರೂ ಮರದ ತೊಗಟೆಯನ್ನೇ ನೆಚ್ಚಿ ಬದುಕುವ ಹಲವು ಬಗೆಯ ಕಲ್ಲುಹೂಗಳು ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿ ಸೇರಿವೆ. ಮರ ಹೆಚ್ಚಿದಲ್ಲೇ ಮರದ ಮೇಲಿನ ಜೀವ ಕಡಿಮೆಯಾಗಿದ್ದು ಹೇಗೆ?

ನಾವು ಮಸಾಲೆ ಪುಡಿಗೆ ಹಾಕುವ ಕಲ್ಲುಹೂವಿನ ದೂರದ ಬಂಧುಗಳಿವು. ಶಿಲೀಂಧ್ರ ಮತ್ತು ಪಾಚಿಯ ಕೂಡುಬಾಳ್ವೆಯೇ ಕಲ್ಲುಹೂ ಎಂದು 1860ರ ದಶಕದಲ್ಲಿ ಸ್ವಿಸ್ ವಿಜ್ಞಾನಿ ಸೈಮನ್ ಶ್ವೆಂಡೆನರ್ ಹೇಳಿದಾಗ ಹಿರಿಯ ಪಂಡಿತರು ಒಪ್ಪಲಿಲ್ಲ. ತೊಗಟೆಯ ಮೇಲೆ ಬೆಳೆಯುವ ಲೊಬೇರಿಯಾ ಪಲ್ಮೊನೇರಿಯಾ ಎಂಬ ಕಲ್ಲುಹೂವಿನಲ್ಲಂತೂ ಪಾಲುದಾರರು ಮೂವರು: ಶಿಲೀಂಧ್ರ, ಹಸಿರು ಪಾಚಿ, ಗಾಳಿಯ ಸಾರಜನಕವನ್ನು ಹಿಡಿದುಕೊಡುವ ನಾಸ್ಟಾಕ್ ಎಂಬ ಬ್ಯಾಕ್ಟೀರಿಯ. ಒಣಗಿದಾಗ ಕಂದು ಬಣ್ಣದ ಸುಕ್ಕು ತೊಗಲಿನಂತಿದ್ದು, ಮಳೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹಚ್ಚಹಸಿರಾಗುತ್ತದೆ. ಇದಕ್ಕೆ ಬೇರಿಲ್ಲ, ನೀರು ಕೂಡಿಡುವ ವ್ಯವಸ್ಥೆಯಿಲ್ಲ. ಗಾಳಿಯ ತೇವ ಎಷ್ಟೋ ಇದರ ಬದುಕು ಅಷ್ಟು. ಹಾಗಾಗಿ ಹಳೆಯ ಕಾಡಿನ ತಂಪು ಎಳೆಯ ನೆಡುತೋಪಿನಲ್ಲಿಲ್ಲ, ಅದಕ್ಕೇ ಅಲ್ಲಿ ಇವು ಬೆಳೆಯುವುದಿಲ್ಲ ಎಂಬ ವಿವರಣೆ ಬಹುಕಾಲ ನಡೆಯಿತು.

ಅದು ಪೂರ್ತಿ ನಿಜವಲ್ಲ ಎಂದು ತೋರಿಸಿಕೊಟ್ಟದ್ದು ಅಮೆರಿಕದ ಒರೆಗಾನ್ ರಾಜ್ಯದ ಡಗ್ಲಸ್ ಫರ್ ಕಾಡುಗಳು. 1970ರ ದಶಕದ ಆರಂಭದಲ್ಲಿ ವಿಜ್ಞಾನಿ ವಿಲಿಯಂ ಡೆನಿಸನ್ ಮತ್ತು ಸಂಗಡಿಗರು ಪರ್ವತಾರೋಹಿಗಳ ಹಗ್ಗ ಹಿಡಿದು ಅಲ್ಲಿನ ದೈತ್ಯ ಮರಗಳ ನೆತ್ತಿಗೇರಿದರು. ನೆಲದಲ್ಲಿ ನಿಂತವರಿಗೆ ಕಾಣದಷ್ಟು ಎತ್ತರದ ಕೊಂಬೆಗಳಲ್ಲಿ ಲೊಬೇರಿಯಾ ಒರೆಗಾನಾ ಎಂಬ ಇನ್ನೊಂದು ಕಲ್ಲುಹೂ ರಾಶಿರಾಶಿಯಾಗಿತ್ತು. ಅದು ಉದುರಿ ಕೊಳೆತು ಕಾಡಿಗೆ ಸಾರಜನಕದ ಗೊಬ್ಬರವಾಗುತ್ತಿತ್ತು. ಎಳೆಯ ಕಾಡುಗಳಲ್ಲಿ ಮಾತ್ರ ಅದು ವಿರಳ. ಆಮೇಲೆ ಸ್ಟೀವ್ ಸಿಲೆಟ್, ಬ್ರೂಸ್ ಮೆಕ್ಯೂನ್ ಮತ್ತಿತರ ವಿಜ್ಞಾನಿಗಳು ಇದರ ಚೂರುಗಳನ್ನು ಬೇರೆ ಬೇರೆ ವಯಸ್ಸಿನ ಕಾಡುಗಳ ಮರಗಳ ಮೇಲೆ ಬಿತ್ತಿ ನೋಡಿದರು. 2000ದಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು: ಬಿತ್ತಿದರೆ ಎಳೆಯ ಮರದ ಮೇಲೂ ಅದು ನೆಲೆಯೂರುತ್ತದೆ. ಕೊರತೆಯಿದ್ದದ್ದು ಬೀಜದಂಥ ಆ ಚೂರುಗಳದ್ದು. ಅವು ತೂಕದವು, ಉದುರಿದರೆ ತಾಯಿಮರದ ಆಸುಪಾಸಿನಲ್ಲೇ ಬೀಳುತ್ತವೆ. ಹೊಸ ಕಾಡು ಹದವಾಗಿ ಕಾಯಿಸಿದ ಹಾಲಿದ್ದಂತೆ. ನಿನ್ನೆಯ ಮೊಸರಿನಿಂದ ಒಂದು ಚಮಚ ಉಳಿಸದಿದ್ದರೆ ಇವತ್ತು ಎಷ್ಟು ಹಾಲು ಕಾಯಿಸಿದರೂ ಮೊಸರಾಗದು. ಮರಗಳೆಲ್ಲವನ್ನೂ ಒಂದೇ ಬಾರಿಗೆ ಸವರಿ ಹಾಕುವ ಪದ್ಧತಿ ಹೆಪ್ಪಿನ ಪಾತ್ರೆಯನ್ನೇ ತೊಳೆದಿಡುತ್ತದೆ.

ಹಾಗಾದರೆ ಕಡಿಯುವಾಗ ಕೆಲವು ಹಳೆಯ ಮರ ಬಿಟ್ಟರಾಯಿತೇ, ಬಯಲಿನ ಬಿಸಿಲಿಗೆ ಕಲ್ಲುಹೂ ಸುಟ್ಟುಹೋಗದೇ ಎಂಬ ಆಕ್ಷೇಪ ಸಹಜ. ಸ್ವೀಡನ್ನಿನಲ್ಲಿ ಬಯಲಾದ ಜಾಗದಲ್ಲಿ ಉಳಿಸಿದ ಆಸ್ಪೆನ್ ಮರಗಳಿಗೆ ಲೊಬೇರಿಯಾ ಪಲ್ಮೊನೇರಿಯಾವನ್ನು ತಂದು ಕಟ್ಟಿ ನೋಡಿದ್ದಾರೆ. ಅವುಗಳಲ್ಲಿ ಬಹಳಷ್ಟು ಬದುಕಿದವು. ನೇರ ಬಿಸಿಲು ಬೀಳದ ಉತ್ತರದ ಮಗ್ಗುಲು ಅವಕ್ಕೆ ಹೆಚ್ಚು ಹಿತ. ಹಾಗಿದ್ದರೆ ಎಲ್ಲ ಕಡೆ ಕೈಯಿಂದಲೇ ಬಿತ್ತಬಹುದಲ್ಲ ಎಂದರೆ, ಕಾಲ ಅಡ್ಡ ಬರುತ್ತದೆ. ಲೊಬೇರಿಯಾ ಪಲ್ಮೊನೇರಿಯಾದ ಒಂದು ಪೀಳಿಗೆಗೆ ಸುಮಾರು 35 ವರ್ಷ ಬೇಕೆಂಬ ಅಂದಾಜಿದೆ. ಒರೆಗಾನಿನ ಕಂಪನಿ ತೋಪುಗಳಲ್ಲಿ 40–60 ವರ್ಷಕ್ಕೆ ಮತ್ತೆ ಕೊಡಲಿ ಬೀಳುತ್ತದೆ. ಬಿತ್ತಿದ್ದರ ಎರಡನೇ ಪೀಳಿಗೆ ಮರಿಹಾಕುವ ಹೊತ್ತಿಗೆ ಮರವೇ ಇರುವುದಿಲ್ಲ. ಉಳಿಸಿದ ಮರವೂ ಗಾಳಿಗೆ ಉರುಳಬಹುದು, ಮುಪ್ಪಿಗೆ ಸಾಯಬಹುದು. ಅದರ ಪಕ್ಕದಲ್ಲೇ ವಾರಸುದಾರ ಮರ ಮೊದಲೇ ಬೆಳೆಯುತ್ತಿರಬೇಕು. ಆದ್ದರಿಂದ ಅರಣ್ಯದ ವಾರ್ಷಿಕ ವರದಿಯಲ್ಲಿ ನೆಟ್ಟ ಸಸಿಗಳ ಸಂಖ್ಯೆಯ ಪಕ್ಕದಲ್ಲಿ ಇನ್ನೊಂದು ಅಂಕಣ ಬೇಕು: ಹಿಂದಿನ ಕಡಿತದಲ್ಲಿ ಉಳಿದು, ಮುಂದಿನ ಕಡಿತದಲ್ಲೂ ಉಳಿಯಲಿರುವ ಮರಗಳೆಷ್ಟು?