ಫ್ರೆಂಚ್ ಪದವಿಯ ಮೂರನೇ ವರ್ಷ: ಶುಲ್ಕ ಶೇ 15, ಖರ್ಚು ಪೂರ್ತಿ

ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ಫ್ರೆಂಚ್ ಪದವಿ ಸಾಮಾನ್ಯವಾಗಿ ನಾಲ್ಕು ವರ್ಷದ್ದು. ಮೂರನೇ ವರ್ಷವನ್ನು ವಿದ್ಯಾರ್ಥಿಗಳು ಫ್ರಾನ್ಸ್‌ನಲ್ಲೋ ಫ್ರೆಂಚ್ ಮಾತನಾಡುವ ಬೇರೊಂದು ದೇಶದಲ್ಲೋ ಕಳೆಯುತ್ತಾರೆ. 2025–26ರಲ್ಲಿ ದೇಶದೊಳಗಿನ ಒಂದು ವರ್ಷದ ಶುಲ್ಕದ ಮಿತಿ 9,535 ಪೌಂಡ್. ಹೊರದೇಶದ ವರ್ಷಕ್ಕೆ ಅದರ ಶೇ 15, ಅಂದರೆ 1,430 ಪೌಂಡ್. ಪೌಂಡಿಗೆ 115 ರೂಪಾಯಿ, ಯೂರೋಗೆ 100 ರೂಪಾಯಿ ಎಂದು ಹಿಡಿದರೆ (ಮುಂದಿನ ಲೆಕ್ಕಗಳೂ ಇದೇ ದರದಲ್ಲಿವೆ) ಮೊದಲನೆಯದು 10.97 ಲಕ್ಷ ರೂಪಾಯಿ, ಎರಡನೆಯದು 1.64 ಲಕ್ಷ.

ಹೊರದೇಶದ ವರ್ಷದ ಶುಲ್ಕ ಹೆಚ್ಚೇನೂ ಏರಿಲ್ಲ. ಇಂಗ್ಲೆಂಡಿನ ಪದವಿ ಶುಲ್ಕದ ಮಿತಿ 2011ರಲ್ಲಿ 3,375 ಪೌಂಡ್ ಇತ್ತು. 2012ರಲ್ಲಿ 9,000 ಆಯಿತು, ಒಂದೇ ವರ್ಷದಲ್ಲಿ ಶೇ 167 ಏರಿಕೆ. 2017ರಲ್ಲಿ 9,250ಕ್ಕೆ ಮುಟ್ಟಿದ ಮೊತ್ತ ಎಂಟು ವರ್ಷ ಅಲ್ಲೇ ನಿಂತು, 2025ರಲ್ಲಿ ಶೇ 3.1 ಹೆಚ್ಚಿತು. ಶೇ 15ರ ಮಿತಿ 2014ರಿಂದ ಜಾರಿಯಲ್ಲಿದೆ. ಆಗ ಹೊರದೇಶದ ವರ್ಷಕ್ಕೆ 1,350 ಪೌಂಡ್ ಇದ್ದದ್ದು ಹನ್ನೊಂದು ವರ್ಷಗಳಲ್ಲಿ ಏರಿರುವುದು 80 ಪೌಂಡ್.

2025–26ರ ದರವೇ ನಾಲ್ಕೂ ವರ್ಷ ಇದ್ದರೆ ಒಟ್ಟು ಶುಲ್ಕ 30,035 ಪೌಂಡ್, ಅಂದರೆ 34.5 ಲಕ್ಷ ರೂಪಾಯಿ. ಇದರಲ್ಲಿ ಹೊರದೇಶದ ವರ್ಷದ ಪಾಲು ಶೇ 4.8. ಎರಡು ವಿಶ್ವವಿದ್ಯಾಲಯಗಳ ನಡುವೆ ವಿನಿಮಯ ಒಪ್ಪಂದ ಇದ್ದರೆ ಫ್ರಾನ್ಸ್‌ನ ವಿಶ್ವವಿದ್ಯಾಲಯ ಪ್ರತ್ಯೇಕವಾಗಿ ಬೋಧನಾ ಶುಲ್ಕ ಪಡೆಯುವುದಿಲ್ಲ.

ದೊಡ್ಡ ಮೊತ್ತ ಇರುವುದು ಜೀವನ ವೆಚ್ಚದಲ್ಲಿ. ಕುಟುಂಬದ ವಾರ್ಷಿಕ ಆದಾಯ 25,000 ಪೌಂಡ್ ಮೀರದಿದ್ದರೆ ಸರ್ಕಾರ ಗರಿಷ್ಠ ಜೀವನ ವೆಚ್ಚದ ಸಾಲ ಕೊಡುತ್ತದೆ. ಆದಾಯ ಹೆಚ್ಚಿದಂತೆ ಸಾಲ ಇಳಿಯುತ್ತದೆ. 2025–26ರಲ್ಲಿ ಲಂಡನ್ನಿನ ಹೊರಗೆ, ಮನೆ ಬಿಟ್ಟು ಓದುವವರಿಗೆ ಈ ಗರಿಷ್ಠ ಮಿತಿ 10,544 ಪೌಂಡ್. ಹೊರದೇಶದ ವರ್ಷಕ್ಕೆ 12,076 ಪೌಂಡ್, ಶೇ 14.5 ಹೆಚ್ಚು. 25,000 ಪೌಂಡಿನ ಆದಾಯ ಮಿತಿ 2008ರಿಂದ ಬದಲಾಗಿಲ್ಲ. ಅಂದಿನಿಂದ ಸಂಬಳಗಳು ಏರಿರುವುದರಿಂದ ಪೂರ್ಣ ಸಾಲ ಸಿಗುವ ಕುಟುಂಬಗಳ ವ್ಯಾಪ್ತಿ ಕಿರಿದಾಗಿದೆ.

ಗರಿಷ್ಠ ಸಾಲ ಪಡೆದವರಿಗೆ ಮೂರು ವರ್ಷದ ಪದವಿಯ ಕೊನೆಗೆ ಬಡ್ಡಿ ಬಿಟ್ಟು 60,237 ಪೌಂಡ್ ಸಾಲ ಇರುತ್ತದೆ. ನಾಲ್ಕು ವರ್ಷದ್ದಾದರೆ 73,743 ಪೌಂಡ್. ವ್ಯತ್ಯಾಸ 13,506 ಪೌಂಡ್, ಅಂದರೆ 15.5 ಲಕ್ಷ ರೂಪಾಯಿ. ಇದರಲ್ಲಿ ಶೇ 89 ಜೀವನ ವೆಚ್ಚದ ಸಾಲ, ಶೇ 11 ಮಾತ್ರ ಶುಲ್ಕ. 2023ರ ಆಗಸ್ಟ್‌ನಿಂದ ಕೋರ್ಸ್ ಸೇರಿದವರು ವರ್ಷಕ್ಕೆ 25,000 ಪೌಂಡ್ ಮೀರಿದ ಆದಾಯದ ಶೇ 9ನ್ನು ಗರಿಷ್ಠ 40 ವರ್ಷ ಕಟ್ಟಬೇಕು. ಅದಕ್ಕೆ ಹಿಂದೆ, 2012ರಿಂದ ಸೇರಿದವರಿಗೆ ಈ ಅವಧಿ 30 ವರ್ಷ.

ಸಾಲವಲ್ಲದ ನೆರವು ಕಡಿಮೆಯಾಗುತ್ತಿದೆ. ಬ್ರಿಟನ್ 2020ರ ಕೊನೆಗೆ ಯುರೋಪ್ ಒಕ್ಕೂಟದ ವಿದ್ಯಾರ್ಥಿ ವಿನಿಮಯ ಯೋಜನೆಯಾದ ಎರಾಸ್ಮಸ್‌ನಿಂದ ಹೊರಬಂದು, 2021ರಲ್ಲಿ ಟ್ಯೂರಿಂಗ್ ಎಂಬ ತನ್ನದೇ ಯೋಜನೆ ತಂದಿತು. ಅದರ ಮೊದಲ ವರ್ಷದ ಅನುದಾನ 11 ಕೋಟಿ ಪೌಂಡ್, 2025–26ರದ್ದು 7.8 ಕೋಟಿ. ಇಳಿಕೆ ಶೇ 29. ಎರಾಸ್ಮಸ್‌ನ ಬಜೆಟ್ ಏಳು ವರ್ಷಕ್ಕೆ ಒಮ್ಮೆ ನಿಗದಿಯಾಗುತ್ತದೆ. ಟ್ಯೂರಿಂಗ್ ಹಣಕ್ಕೆ ವಿಶ್ವವಿದ್ಯಾಲಯಗಳು ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು.

ಟ್ಯೂರಿಂಗ್ ಮೊದಲ ವರ್ಷದಲ್ಲಿ ಎಂಟು ವಾರ ಮೀರಿದ ವಾಸಕ್ಕೆ, ದೇಶವನ್ನು ಅನುಸರಿಸಿ, ತಿಂಗಳಿಗೆ 335ರಿಂದ 380 ಪೌಂಡ್ ಕೊಟ್ಟಿತು. ಬಡ ಕುಟುಂಬದವರಿಗೆ 110 ಪೌಂಡ್ ಹೆಚ್ಚು. ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗೆ ವೀಸಾ ನೀಡುವಾಗ ಫ್ರಾನ್ಸ್ ಸರ್ಕಾರ ಕೇಳುವ ಕನಿಷ್ಠ ಹಣ ತಿಂಗಳಿಗೆ 615 ಯೂರೋ. 380 ಪೌಂಡ್ ಇದರ ಶೇ 71ಕ್ಕೆ, ಬಡ ಕುಟುಂಬದವರ 490 ಪೌಂಡ್ ಶೇ 92ಕ್ಕೆ ಸಾಕಾಗುತ್ತದೆ.

615 ಯೂರೋದಲ್ಲಿ ಎಷ್ಟು ನಡೆಯುತ್ತದೆ? ಸರ್ಕಾರಿ ವಿದ್ಯಾರ್ಥಿ ಕ್ಯಾಂಟೀನಿನಲ್ಲಿ ಮೊದಲ ತಿನಿಸು, ಮುಖ್ಯ ಊಟ, ಸಿಹಿ ಸೇರಿದ ಒಂದು ತಟ್ಟೆಗೆ 2025ರಲ್ಲಿ 3.30 ಯೂರೋ. ದಿನಕ್ಕೆ ಎರಡು ಊಟವಾದರೆ ತಿಂಗಳಿಗೆ 198 ಯೂರೋ. ಉಳಿಯುವ 417 ಯೂರೋದಲ್ಲಿ ಬಾಡಿಗೆ, ಬಸ್ಸು, ಫೋನು, ವಿಮೆ, ಬೆಳಗಿನ ತಿಂಡಿ ಎಲ್ಲ ಮುಗಿಯಬೇಕು.

ಈ ಕೊರತೆಯನ್ನು ಸರಿದೂಗಿಸುವ ಒಂದು ದಾರಿ ಫ್ರಾನ್ಸ್‌ನ ಶಾಲೆಗಳಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕರಾಗುವುದು. ವಾರಕ್ಕೆ 12 ಗಂಟೆ, ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಏಳು ತಿಂಗಳು. ಕೈಗೆ ಬರುವುದು ತಿಂಗಳಿಗೆ ಸುಮಾರು 800 ಯೂರೋ. ಫ್ರಾನ್ಸ್‌ನಲ್ಲಿ 35 ಗಂಟೆಯ ವಾರಕ್ಕೆ ಕನಿಷ್ಠ ವೇತನ 2025ರಲ್ಲಿ ಕಡಿತಗಳ ನಂತರ 1,426 ಯೂರೋ. ಅಂದರೆ ಮೂರನೇ ಒಂದು ಪಾಲು ಸಮಯಕ್ಕೆ ಶೇ 56ರಷ್ಟು ಹಣ ಸಿಗುತ್ತದೆ. 615ರ ಮಿತಿಗಿಂತ 185 ಯೂರೋ ಹೆಚ್ಚು.

ಬ್ರಿಟಿಷ್ ವಿದ್ಯಾರ್ಥಿಗೆ 2020ರವರೆಗೆ ಫ್ರಾನ್ಸ್‌ನಲ್ಲಿ ವೀಸಾ ಬೇಕಿರಲಿಲ್ಲ. 2021ರಿಂದ 90 ದಿನ ಮೀರಿದರೆ ಬೇಕು. ಅರ್ಜಿ ಸಲ್ಲಿಸುವ ಕೇಂದ್ರಗಳಿರುವುದು ಲಂಡನ್, ಮ್ಯಾಂಚೆಸ್ಟರ್, ಎಡಿನ್‌ಬರೋ ಎಂಬ ಮೂರು ನಗರಗಳಲ್ಲಿ. ಕಾರ್ಡಿಫ್ ಅಥವಾ ಎಕ್ಸೆಟರ್‌ನಲ್ಲಿ ಓದುವವರಿಗೆ ಪ್ರಯಾಣದ ಖರ್ಚೂ ಸೇರುತ್ತದೆ.

ಇಷ್ಟು ಖರ್ಚಿಗೆ ಸಿಗುವುದೇನು ಎಂಬುದನ್ನೂ ಲೆಕ್ಕ ಹಾಕಬಹುದು. ವಿಶ್ವವಿದ್ಯಾಲಯದಲ್ಲಿ 24 ವಾರ, ವಾರಕ್ಕೆ 4 ಗಂಟೆ ಭಾಷಾ ತರಗತಿ ಎಂದು ಹಿಡಿದರೆ ವರ್ಷಕ್ಕೆ 96 ಗಂಟೆ. ಫ್ರಾನ್ಸ್‌ನಲ್ಲಿ ದಿನಕ್ಕೆ 4 ಗಂಟೆ ಫ್ರೆಂಚ್ ಕೇಳಿ ಮಾತನಾಡಿದರೂ ಏಳು ತಿಂಗಳ 210 ದಿನಗಳಲ್ಲಿ 840 ಗಂಟೆ. ಸುಮಾರು ಒಂಬತ್ತು ವರ್ಷದ ತರಗತಿಗೆ ಸಮ.

ಈ ಪದವಿಗೆ ಬರುವವರ ಮೂಲವೇ ತೆಳುವಾಗಿರುವಾಗ ಖರ್ಚಿನ ಪ್ರಶ್ನೆ ಇನ್ನಷ್ಟು ಮುಖ್ಯವಾಗುತ್ತದೆ. ಇಂಗ್ಲೆಂಡ್ 2004ರಲ್ಲಿ 14 ವರ್ಷದ ನಂತರ ವಿದೇಶಿ ಭಾಷೆಯನ್ನು ಐಚ್ಛಿಕ ಮಾಡಿತು. 16ನೇ ವಯಸ್ಸಿನ ಪರೀಕ್ಷೆಯಲ್ಲಿ ಭಾಷೆ ತೆಗೆದುಕೊಂಡವರು 2002ರಲ್ಲಿ ಶೇ 76, 2011ರಲ್ಲಿ ಶೇ 40. ಎ–ಲೆವೆಲ್‌ನಲ್ಲಿ, ಅಂದರೆ 18ನೇ ವಯಸ್ಸಿನ ಶಾಲಾ ಅಂತಿಮ ಪರೀಕ್ಷೆಯಲ್ಲಿ, 2019ರಲ್ಲಿ ಫ್ರೆಂಚ್‌ಗೆ 8,355 ನೋಂದಣಿ ಆದರೆ ಸ್ಪ್ಯಾನಿಷ್‌ಗೆ 8,625. ಫ್ರೆಂಚ್ ಮೊದಲ ಬಾರಿಗೆ ಎರಡನೇ ಸ್ಥಾನಕ್ಕೆ ಇಳಿಯಿತು.

ಬ್ರಿಟನ್ 2027ರಿಂದ ಎರಾಸ್ಮಸ್‌ಗೆ ಮರಳಲಿದೆ ಎಂದು 2025ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಮೊದಲ ವರ್ಷದ ವಂತಿಗೆ ಸುಮಾರು 57 ಕೋಟಿ ಪೌಂಡ್. ಟ್ಯೂರಿಂಗ್‌ನ 2025–26ರ ಅನುದಾನದ ಏಳು ಪಟ್ಟಿಗಿಂತ ಹೆಚ್ಚು. ಆದರೆ ಎರಡನ್ನೂ ನೇರವಾಗಿ ಹೋಲಿಸಲಾಗದು: ಟ್ಯೂರಿಂಗ್ ಹೊರಹೋಗುವವರಿಗಷ್ಟೇ ಹಣ ಕೊಡುತ್ತದೆ, ಎರಾಸ್ಮಸ್‌ನಲ್ಲಿ ಒಳಬರುವವರೂ ಇದ್ದಾರೆ. 2017ರಲ್ಲಿ ಬ್ರಿಟನ್ನಿನಿಂದ ಹೋದವರು 16,561, ಒಳಬಂದವರು 31,727.

ಬ್ರಿಟನ್ ಯುರೋಪ್ ಒಕ್ಕೂಟ ತೊರೆದ ನಂತರ, ವಿನಿಮಯ ಒಪ್ಪಂದವಿಲ್ಲದೆ ಫ್ರಾನ್ಸ್‌ಗೆ ಹೊಸದಾಗಿ ಓದಲು ಹೋಗುವ ಬ್ರಿಟಿಷ್ ವಿದ್ಯಾರ್ಥಿಯೂ ಕರ್ನಾಟಕದ ವಿದ್ಯಾರ್ಥಿಯೂ ಒಂದೇ ಸಾಲಿನಲ್ಲಿದ್ದಾರೆ. 2025–26ರಲ್ಲಿ ಸರ್ಕಾರಿ ವಿಶ್ವವಿದ್ಯಾಲಯದ ಪದವಿಗೆ ಯುರೋಪ್ ಒಕ್ಕೂಟದವರು ಕಟ್ಟುವುದು 178 ಯೂರೋ, ಹೊರಗಿನವರು 2,895 ಯೂರೋ: 16 ಪಟ್ಟು. ಕೆಲವು ವಿಶ್ವವಿದ್ಯಾಲಯಗಳು ವಿನಾಯಿತಿ ಕೊಡುತ್ತವೆ. ಕೊಡದಿದ್ದರೂ ಶುಲ್ಕ 2.9 ಲಕ್ಷ ರೂಪಾಯಿ. ತಿಂಗಳಿಗೆ 615ರಂತೆ ವರ್ಷದ ಜೀವನ ವೆಚ್ಚ 7.38 ಲಕ್ಷ. ಒಟ್ಟಿನಲ್ಲಿ ಶೇ 72 ಜೀವನ ವೆಚ್ಚವೇ.

ಇಂಗ್ಲೆಂಡಿನ ಶೇ 89, ಕರ್ನಾಟಕದವರ ಶೇ 72 ಹೇಳುವುದು ಒಂದನ್ನೇ: ಶುಲ್ಕದ ರಿಯಾಯಿತಿ ಎಷ್ಟು ಕೊಟ್ಟರೂ ಬಾಡಿಗೆ ಮತ್ತು ಊಟಕ್ಕೆ ನೆರವಿಲ್ಲದಿದ್ದರೆ ಆ ವರ್ಷ ಹಣವಿದ್ದವರ ಪಾಲಾಗುತ್ತದೆ. ಸರ್ಕಾರಗಳು ಮೊದಲು ನಿಗದಿ ಮಾಡಬೇಕಾದದ್ದು ತಿಂಗಳ ಭತ್ಯೆಯನ್ನು, ಅದೂ ಹಲವು ವರ್ಷಗಳಿಗೆ ಒಟ್ಟಿಗೆ. ಫ್ರಾನ್ಸ್‌ಗೆ ಹೊರಡುವ ನಮ್ಮ ವಿದ್ಯಾರ್ಥಿಗಳೂ ಕಾಲೇಜಿನ ಶುಲ್ಕದ ಪಟ್ಟಿ ನೋಡುವ ಮೊದಲು ಹನ್ನೆರಡು ತಿಂಗಳ ಖರ್ಚಿನ ಲೆಕ್ಕ ಬರೆದುಕೊಳ್ಳಲಿ.