ಭೂತಕಾಲದ ಭಯ ಬಿಡಿಸಲು ಕನ್ನಡವೇ ನೆರವು

‘ಐ ಡಿಡ್ ನಾಟ್ ವೆಂಟ್’ ಎಂದು ಹುಡುಗನೊಬ್ಬ ಹೇಳಿದರೆ ತರಗತಿಗೆ ತರಗತಿಯೇ ನಗುತ್ತದೆ. ಮರುದಿನದಿಂದ ಆತ ಬಾಯಿ ತೆರೆಯುವುದಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಎಷ್ಟೋ ಜಾಣ ಮಕ್ಕಳು ಉತ್ತರ ಗೊತ್ತಿದ್ದೂ ಸುಮ್ಮನೆ ಕೂರುವುದು ಇದೇ ಅಂಜಿಕೆಯಿಂದ. ಮನೆಯವರೋ ‘ಇವನಿಗೆ ಗ್ರಾಮರ್ ತಲೆಗೆ ಹತ್ತುವುದಿಲ್ಲ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ಆ ವ್ಯಾಕರಣದ ಅರ್ಧ ಗುಟ್ಟು ಅವನಿಗೆ ಕನ್ನಡದಲ್ಲಿ ಆಗಲೇ ಗೊತ್ತು!

ಮೊದಲು ಪದಗಳ ಕ್ರಮ ನೋಡೋಣ. ‘ರಾಮನು ರಾವಣನನ್ನು ಕೊಂದನು’ ಎನ್ನಿ, ‘ರಾವಣನನ್ನು ರಾಮನು ಕೊಂದನು’ ಎನ್ನಿ, ಸತ್ತವನು ರಾವಣನೇ. ‘ಅನ್ನು’ ಎಂಬ ವಿಭಕ್ತಿ ಪ್ರತ್ಯಯ ಅವನಿಗೆ ಅಂಟಿಕೊಂಡೇ ಇರುತ್ತದೆ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲೂ ಇಂಥ ಪ್ರತ್ಯಯಗಳಿದ್ದವು. ಅವು ಸವೆದುಹೋದ ಮೇಲೆ ಯಾರು ಕರ್ತೃ, ಯಾವುದು ಕರ್ಮ ಎಂದು ಹೇಳುವ ಹೊಣೆ ಪದದ ಸ್ಥಾನಕ್ಕೆ ಬಂತು. ‘ರಾಮ ಕಿಲ್ಡ್ ರಾವಣ’ ಎಂಬುದನ್ನು ‘ರಾವಣ ಕಿಲ್ಡ್ ರಾಮ’ ಎಂದರೆ ರಾಮಾಯಣವೇ ತಲೆಕೆಳಗು! ಮೊದಲು ಕರ್ತೃ, ನಡುವೆ ಕ್ರಿಯಾಪದ, ಆಮೇಲೆ ಕರ್ಮ. ಈ ಸಾಲು ತಪ್ಪಬಾರದು.

ಇನ್ನು ಭೂತಕಾಲ. ‘ಗೋ’ ಹೇಗೆ ‘ವೆಂಟ್’ ಆಯಿತು ಎಂದು ಮಕ್ಕಳು ಗೊಣಗುತ್ತಾರೆ. ಕನ್ನಡದಲ್ಲಿ ‘ಬರು’ ಎಂಬುದು ‘ಬಂದೆ’, ‘ಕೊಡು’ ಎಂಬುದು ‘ಕೊಟ್ಟೆ’, ‘ಬೀಳು’ ಎಂಬುದು ‘ಬಿದ್ದೆ’ ಆಗುವುದಿಲ್ಲವೇ? ಇವನ್ನು ಯಾರೂ ಪಟ್ಟಿ ಮಾಡಿ ಉರು ಹೊಡೆದಿಲ್ಲ. ದಿನವೂ ಆಡಿ ಆಡಿ ಕಲಿತದ್ದು.

‘ಡಿಡ್ ನಾಟ್ ವೆಂಟ್’ ಏಕೆ ತಪ್ಪು? ‘ಹೋದೆ’ ಎಂಬುದರ ನಿಷೇಧ ‘ಹೋಗಲಿಲ್ಲ’. ಯಾರಾದರೂ ‘ಹೋದಲಿಲ್ಲ’ ಎನ್ನುತ್ತಾರೆಯೇ? ಇಲ್ಲಿ ‘ಹೋದೆ’ ಮರೆಯಾಗಿ ‘ಹೋಗು’ ಎಂಬ ಧಾತು ಮರಳಿ ಬರುತ್ತದೆ. ಕಳೆದ ಕಾಲವನ್ನು ‘ಲಿಲ್ಲ’ ಎಂಬುದೇ ಹೇಳುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸ ‘ಡಿಡ್’ನದು. ಅದು ಭೂತಕಾಲದ ಹೊರೆ ಹೊತ್ತ ಮೇಲೆ ‘ಗೋ’ ಮತ್ತೆ ಹೊರಬೇಕಾಗಿಲ್ಲ: ‘ಐ ಡಿಡ್ ನಾಟ್ ಗೋ’. ಪ್ರಶ್ನೆ ಕೇಳುವಾಗ ಮಾತ್ರ ಎಚ್ಚರ. ಕನ್ನಡದ ‘ಹೋದೆಯಾ?’ ಭೂತಕಾಲವನ್ನು ಉಳಿಸಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಅಲ್ಲಿಯೂ ‘ಡಿಡ್ ಯು ಗೋ?’ ಎಂದೇ ಕೇಳಬೇಕು.

ಅಭ್ಯಾಸಕ್ಕೆ ರಾತ್ರಿ ಊಟದ ನಂತರ ಹತ್ತು ನಿಮಿಷ ಸಾಕು. ಆ ದಿನ ಅಥವಾ ಹಿಂದಿನ ದಿನ ನಡೆದದ್ದನ್ನು ಐದು ವಾಕ್ಯಗಳಲ್ಲಿ ಹೇಳಬೇಕು. ಉದಾಹರಣೆಗೆ, ‘ನಾನು ನಿನ್ನೆ ಸಂತೆಯಲ್ಲಿ ಮಾವಿನಹಣ್ಣು ಕೊಂಡೆ’. ಇದನ್ನು ಮೊದಲು ಕನ್ನಡದಲ್ಲೇ ‘ನಾನು, ಕೊಂಡೆ, ಮಾವಿನಹಣ್ಣು, ಸಂತೆಯಲ್ಲಿ, ನಿನ್ನೆ’ ಎಂದು ಜೋಡಿಸಿ. ಆಮೇಲೆ ‘ಐ ಬಾಟ್ ಮ್ಯಾಂಗೋಸ್ ಇನ್ ದ ಮಾರ್ಕೆಟ್ ಯೆಸ್ಟರ್‌ಡೇ’ ಎನ್ನುವುದು ಸಲೀಸು. ‘ಸಂತೆಯಲ್ಲಿ’ ಎಂಬುದರ ಬಾಲದಲ್ಲಿದ್ದ ‘ಅಲ್ಲಿ’, ಇಂಗ್ಲಿಷಿನಲ್ಲಿ ‘ಇನ್’ ಆಗಿ ಮುಂದೆ ಬಂದು ನಿಂತದ್ದನ್ನೂ ಗಮನಿಸಿ. ನಂತರ ಅದೇ ವಾಕ್ಯಕ್ಕೆ ‘ಐ ಡಿಡ್ ನಾಟ್ ಬೈ’, ‘ಡಿಡ್ ಯು ಬೈ’ ಎಂಬ ರೂಪ ಕೊಡಿ. ಬರೆಯುವುದಕ್ಕಿಂತ ಗಟ್ಟಿಯಾಗಿ ಹೇಳುವುದು ಮುಖ್ಯ; ನಾಲಿಗೆ ಪಳಗಬೇಕು.

ಇಂಗ್ಲಿಷ್ ಬಾರದ ಪಾಲಕರೂ ಇದರಲ್ಲಿ ಜೊತೆಯಾಗಬಹುದು. ‘ಇವತ್ತು ಏನೇನು ಮಾಡಿದೆ?’ ಎಂದು ಕನ್ನಡದಲ್ಲೇ ಕೇಳಿ, ಮಗು ಇಂಗ್ಲಿಷಿನಲ್ಲಿ ಉತ್ತರಿಸಲಿ. ನಡುವೆ ತಡೆಯಬೇಡಿ, ನಗಬೇಡಿ. ‘ಡಿಡ್ ನಾಟ್ ವೆಂಟ್’ ಎಂಬುದು ಕಿವಿಗೆ ಬಿದ್ದರೆ, ಮಾತು ಮುಗಿದ ಮೇಲೆ ‘ಹೋದಲಿಲ್ಲ ಅಂತೀವೇನಪ್ಪ?’ ಎಂದು ಕೇಳಿ. ಉಳಿದದ್ದನ್ನು ಮಗುವೇ ತಿದ್ದಿಕೊಳ್ಳುತ್ತದೆ.