ಹಿಂದಿ ಬಾರದ ಅಮ್ಮ, ಕಾಶಿಯ ಗಲ್ಲಿ

ಕಾಶಿಯಲ್ಲಿ ಹಿಂದಿ ಬಾರದವರು ಮೊದಲು ಎಡವುವುದು ಲೆಕ್ಕದಲ್ಲಿ. ಏಕ್, ದೋ, ತೀನ್ ಎಲ್ಲರಿಗೂ ಗೊತ್ತು. ಆದರೆ ದೋಣಿಯವನು ‘ಡೇಢ್ ಸೌ’ ಎಂದರೆ 150, ‘ಢಾಯಿ ಸೌ’ ಎಂದರೆ 250, ‘ಸಾಢೇ ತೀನ್ ಸೌ’ ಎಂದರೆ 350. ದಾವಣಗೆರೆಯಿಂದ ಬಂದಿದ್ದ ನಮ್ಮಮ್ಮ ಅಸ್ಸಿ ಘಾಟ್‌ನಲ್ಲಿ ಮೊಬೈಲಿನ ಕ್ಯಾಲ್ಕುಲೇಟರ್ ತೆರೆದು ಅವನ ಕೈಗೇ ಕೊಟ್ಟಳು. ಅವನು ಒಂದು ಅಂಕಿ ಒತ್ತಿದ, ಇವಳು ಅಳಿಸಿ ಇನ್ನೊಂದು ಒತ್ತಿದಳು. ನೊಯ್ಡಾದಲ್ಲಿ ಆರು ವರ್ಷ ಹಿಂದಿ ಆಡಿದ ನಾನು ಕೇಳಿದ್ದರೆ ಅಷ್ಟು ಇಳಿಯುತ್ತಿರಲಿಲ್ಲ.

ಗಂಗೆ ಇಲ್ಲಿ ಉತ್ತರಕ್ಕೆ ಹರಿಯುತ್ತಾಳೆ. ಅಸ್ಸಿಯಿಂದ ಹೊರಟ ದೋಣಿ ನೀರಿನ ಜೊತೆಗೇ ಸಾಗುತ್ತದೆ. ಹನುಮಾನ್ ಘಾಟ್ ಕಳೆಯುತ್ತಿದ್ದಂತೆ ಹಿಂದೆ ಮೈಸೂರು ಘಾಟ್ ಎನ್ನುತ್ತಿದ್ದ ಕರ್ನಾಟಕ ಘಾಟ್. ಅಮ್ಮ ಎದ್ದು ನಿಂತು ಕೈ ಮುಗಿದಳು. ಅದರ ಪಕ್ಕದಲ್ಲೇ ಹರಿಶ್ಚಂದ್ರ ಘಾಟ್‌ನ ಚಿತೆಗಳು. ಅಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಅಮ್ಮ ‘ಅವಸರ ಇಲ್ಲಪ್ಪಾ, ನಿಧಾನಕ್ಕೆ ನಡೆಸು’ ಎಂದಳು. ಹಿಂದಿಯಲ್ಲಿ ಅವಸರವೆಂದರೆ ಅವಕಾಶ. ಅವನಿಗೆ ಏನು ಕೇಳಿಸಿತೋ, ನಿಧಾನವಾಗಿಯೇ ನಡೆಸಿದ. ಶಿಕ್ಷಾ ಎಂದರೆ ಅಲ್ಲಿ ವಿದ್ಯೆ, ಉಪನ್ಯಾಸ ಎಂದರೆ ಕಾದಂಬರಿ. ಗೊತ್ತಿರುವ ಪದವೇ ಹೆಚ್ಚು ಕಾಟ ಕೊಡುತ್ತದೆ.

ಮರುದಿನ ನಕ್ಕಿದ್ದೆಲ್ಲ ಇಳಿದುಹೋಯಿತು. ವಿಶ್ವನಾಥನ ದೇವಸ್ಥಾನದೊಳಗೆ ಮೊಬೈಲ್ ಬಿಡುವುದಿಲ್ಲ, ನಮ್ಮಿಬ್ಬರವೂ ಲಾಕರಿನಲ್ಲಿದ್ದವು. ದರ್ಶನ ಮುಗಿದು ಹೊರಬರುವ ನೂಕುನುಗ್ಗಲಿನಲ್ಲಿ ತಿರುಗಿ ನೋಡಿದರೆ ಅಮ್ಮ ಇಲ್ಲ. 68 ವರ್ಷ, ಸಕ್ಕರೆ ಕಾಯಿಲೆ, ಮಾತ್ರೆ ನನ್ನ ಚೀಲದಲ್ಲಿ. ಅಲ್ಲಿನ ಗಲ್ಲಿಗಳಲ್ಲಿ ಎರಡು ತಿರುವು ತಪ್ಪಿದರೆ ಸಾಕು, ಊರಿನವರೇ ದಾರಿ ಕೇಳಬೇಕು. ಅನುವಾದದ ಆ್ಯಪ್ ಎಷ್ಟಿದ್ದರೇನು? ಪೊಲೀಸರಿಗೆ ಸೀರೆಯ ಬಣ್ಣ ಹೇಳಲು ಹೋದರೆ ‘ಗಿಳಿಹಸಿರು’ ಬಿಟ್ಟು ಬೇರೆ ಪದ ಬಾಯಿಗೆ ಬರಲಿಲ್ಲ.

ಇತ್ತ ಅಮ್ಮ ಹೂವಿನ ಅಂಗಡಿಯ ಮುಂದೆ ನಿಂತು ಒಂದೇ ಮಾತು ಹೇಳುತ್ತಿದ್ದಳಂತೆ: ‘ಜಂಗಮವಾಡಿ ಮಠ’. ವೀರಶೈವ ಪಂಚಪೀಠಗಳಲ್ಲಿ ಒಂದಾದ ಕಾಶಿ ಪೀಠ ಅದು. ಗೋದೌಲಿಯಾದ ಆಸುಪಾಸಿನಲ್ಲಿದೆ, ಆ ಮೊಹಲ್ಲಾಕ್ಕೇ ಅದರ ಹೆಸರು. ನಾವು ಇಳಿದುಕೊಂಡಿದ್ದೂ ಅಲ್ಲೇ. ಹೂವಿನವಳು ಭೋಜಪುರಿಯಲ್ಲಿ ಏನೋ ಗದರಿ, ನೀರು ಕುಡಿಸಿ, ಮಗನನ್ನು ಜೊತೆಗೆ ಕಳಿಸಿದಳು. ಹುಡುಗ ಮಠದ ಬಾಗಿಲವರೆಗೂ ಕೈ ಬಿಡಲಿಲ್ಲವಂತೆ. ಒಳಗೆ ಕನ್ನಡ ಬಲ್ಲವರಿದ್ದರು. ನನ್ನ ನಂಬರು ಅಮ್ಮನಿಗೆ ಬಾಯಿಪಾಠ. ನಾನು ಲಾಕರಿನಿಂದ ಮೊಬೈಲ್ ತೆಗೆದಾಗ ಗುರುತಿಲ್ಲದ ನಂಬರಿನಿಂದ ಐದು ಕರೆ ಬಂದಿದ್ದವು. ಓಡಿ ಹೋಗಿ ನೋಡಿದರೆ ಅಮ್ಮ ಕೇಳಿದ್ದು, ‘ಊಟ ಮಾಡಿದೇನೋ?’

2022ರ ನವೆಂಬರಿನಲ್ಲಿ ಬೆಂಗಳೂರಿನಿಂದ ಕಾಶಿ ದರ್ಶನ ರೈಲು ಶುರುವಾದ ಮೇಲೆ ಹಿಂದಿಯ ಗಂಧವಿಲ್ಲದ ಹಿರಿಯರು ಗುಂಪುಗುಂಪಾಗಿ ಬರುತ್ತಿದ್ದಾರೆ. ನಿಮ್ಮ ಮನೆಯವರೂ ಹೊರಟಿದ್ದರೆ, ಇಳಿದುಕೊಳ್ಳುವ ಜಾಗದ ಹೆಸರು, ನಿಮ್ಮ ನಂಬರು ಎರಡನ್ನೂ ದೇವನಾಗರಿಯಲ್ಲಿ ಬರೆದ ಚೀಟಿ ಸೆರಗಿಗೋ ಜೇಬಿಗೋ ಹಾಕಿ ಕಳಿಸಿ. ಮಾತ್ರೆ ಅವರ ಬಳಿಯೇ ಇರಲಿ. ಸಂಜೆ ಹೂವಿನವಳಿಗೆ ಕೊಡಲು ಅಮ್ಮ ದಾವಣಗೆರೆಯಿಂದ ತಂದಿದ್ದ ಚಟ್ನಿಪುಡಿಯ ಡಬ್ಬಿ ತೆಗೆದುಕೊಂಡು ಹೊರಟಳು. ಅದನ್ನು ಯಾವುದರ ಜೊತೆ ತಿನ್ನಬೇಕೆಂದು ಹಿಂದಿಯಲ್ಲಿ ವಿವರಿಸುವ ಕೆಲಸ ಮಾತ್ರ ನನಗೆ ಬಿತ್ತು.